ಹೊಸ ಲ್ಯಾಪ್‌ಟಾಪ್: ವಿಂಡೋಸ್ ಹೋಮ್ ಸಾಕೇ, ಪ್ರೊ ಬೇಕೇ?

(ವಿದ್ಯಾರ್ಥಿವೇತನದ ನೆರವಿನಿಂದ ಲ್ಯಾಪ್‌ಟಾಪ್ ಕೊಳ್ಳುವ ಮಕ್ಕಳಿಗೂ ಅವರ ಪೋಷಕರಿಗೂ)




ಮಕ್ಕಳು ಪಿ.ಯು.ಸಿ. ಮುಗಿಸಿ ಕಾಲೇಜು ಸೇರುವ ಮನೆಗಳಲ್ಲಿ ಫೀಸಿನ ಮಾತು ಮುಗಿಯುತ್ತಿದ್ದಂತೆ ಲ್ಯಾಪ್‌ಟಾಪಿನ ಮಾತು ಬರುತ್ತದೆ. ಟ್ರಸ್ಟಿನ ನೆರವಿಗೆ ಗಲ್ಫ್‌ನಲ್ಲಿರುವ ಮಾವ ಸ್ವಲ್ಪ ಸೇರಿಸುತ್ತಾರೆ, ತಾಯಿ ಚೀಟಿಯ ಹಣ ಹಾಕುತ್ತಾರೆ. ಹೀಗೆ ಹತ್ತು ಕೈಗಳಿಂದ ಕೂಡಿದ ಹಣವನ್ನು ಅಂಗಡಿಯಲ್ಲಿ ಹತ್ತು ನಿಮಿಷದೊಳಗೆ ಕೊಟ್ಟುಬಿಡುತ್ತೇವೆ. ಆ ಹತ್ತು ನಿಮಿಷದಲ್ಲಿ ಅಂಗಡಿಯವರು ಕೇಳುವ ಒಂದು ಪ್ರಶ್ನೆಗೆ ನಮ್ಮಲ್ಲಿ ಹೆಚ್ಚಿನವರ ಬಳಿ ಉತ್ತರವಿರುವುದಿಲ್ಲ: "ವಿಂಡೋಸ್ ಹೋಮ್ ಕೊಡಲೋ, ಪ್ರೊ ಕೊಡಲೋ?"

ನನ್ನ ಬಳಿಯೂ ಇರಲಿಲ್ಲ. ಎರಡು ವರ್ಷಗಳ ಹಿಂದೆ ಇಂಜಿನಿಯರಿಂಗ್ ಸೇರಿದ ಒಬ್ಬ ಹುಡುಗ ಅಂಗಡಿಯಿಂದಲೇ ಫೋನ್ ಮಾಡಿದ. "ಸರ್, ಪ್ರೊ ಇರುವುದಕ್ಕೆ ಆರು ಸಾವಿರ ಹೆಚ್ಚು ಹೇಳ್ತಿದ್ದಾರೆ. ಯಾವುದು ತಗೊಳ್ಳಲಿ?" ನನಗೆ ಗೊತ್ತಿಲ್ಲ ಎಂದು ಹೇಳಬೇಕಿತ್ತು. ಮೂವತ್ತು ವರ್ಷ ಪಾಠ ಮಾಡಿದವನ ಬಾಯಿಗೆ ಆ ಮಾತು ಸುಲಭಕ್ಕೆ ಬರುವುದಿಲ್ಲ. "ಇಂಜಿನಿಯರಿಂಗ್ ಅಲ್ವಾ, ಪ್ರೊವೇ ತಗೋ ಮಾರಾಯ, ನಾಲ್ಕು ವರ್ಷ ಬಾಳಬೇಕು" ಎಂದೆ. ಆ ಆರು ಸಾವಿರ ಹೊಂದಿಸಲು ಅವನು 16 ಜಿಬಿ ರ‍್ಯಾಮ್ ಇದ್ದ ಯಂತ್ರವನ್ನು ಬಿಟ್ಟು 8 ಜಿಬಿಯದನ್ನು ತಂದ. ಮೂರನೇ ಸೆಮಿಸ್ಟರಿಗೆ ಬರುವಷ್ಟರಲ್ಲಿ ಅವನ ಪ್ರಾಜೆಕ್ಟಿನ ಸಾಫ್ಟ್‌ವೇರ್‌ಗಳು ಅದರಲ್ಲಿ ತೆವಳತೊಡಗಿದವು. ರ‍್ಯಾಮ್ ಹೆಚ್ಚಿಸೋಣವೆಂದರೆ ಅದು ಬೋರ್ಡಿಗೇ ಬೆಸೆದದ್ದು, ಬದಲಿಸುವಂತಿಲ್ಲ. ಪ್ರೊದಲ್ಲಿ ಮಾತ್ರ ಸಿಗುವ ಒಂದೇ ಒಂದು ಸೌಲಭ್ಯವನ್ನೂ ಅವನು ಈ ತನಕ ಬಳಸಿಲ್ಲ. ಅವನ ತಂದೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವರು.

ಹುಡುಗ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು. ಆಮೇಲೆ ಕುಳಿತು, ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕಂಪ್ಯೂಟರ್ ಬಲ್ಲವರನ್ನು ಕೇಳಿ, ಸ್ವತಃ ಮಾಡಿ ನೋಡಿ ಕಲಿತದ್ದನ್ನು ಇಲ್ಲಿ ಪಾಠದ ಕ್ರಮದಲ್ಲಿ ಬರೆದಿದ್ದೇನೆ.

1. ಎಡಿಷನ್ ಎಂದರೇನು?

ಲ್ಯಾಪ್‌ಟಾಪಿನ ಪರದೆ, ಕೀಬೋರ್ಡ್, ಮೆಮೊರಿ ಇವೆಲ್ಲವನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ನಮ್ಮ ಮಕ್ಕಳು ಕೊಳ್ಳುವ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಮೈಕ್ರೋಸಾಫ್ಟ್‌ನ ವಿಂಡೋಸ್ 11. ಇದು 2021ರ ಅಕ್ಟೋಬರಿನಲ್ಲಿ ಬಂತು. ಇದೇ ವಿಂಡೋಸ್ 11ನ್ನು ಬೇರೆ ಬೇರೆ ಬಳಕೆದಾರರಿಗಾಗಿ ಬೇರೆ ಬೇರೆ ಆವೃತ್ತಿಗಳಾಗಿ ಮಾರುತ್ತಾರೆ. ಅವೇ ಎಡಿಷನ್‌ಗಳು: ಮನೆ ಬಳಕೆಗೆ ಹೋಮ್, ಕಚೇರಿಗಳಿಗೆ ಪ್ರೊ, ದೊಡ್ಡ ಸಂಸ್ಥೆಗಳಿಗೆ ಎಂಟರ್‌ಪ್ರೈಸ್, ಶಾಲಾ ಕಾಲೇಜುಗಳಿಗೆ ಎಜುಕೇಷನ್.

ಒಂದು ಪಠ್ಯಪುಸ್ತಕವನ್ನು ನೆನೆಸಿಕೊಳ್ಳಿ. ಪಾಠಗಳು ಎಲ್ಲ ಪ್ರತಿಗಳಲ್ಲೂ ಒಂದೇ. ಒಂದು ಪ್ರತಿಯಲ್ಲಿ ಮಾತ್ರ ಕೊನೆಗೆ ಮುಖ್ಯೋಪಾಧ್ಯಾಯರಿಗೆ ಬೇಕಾದ ಕೆಲವು ಪುಟಗಳನ್ನು ಸೇರಿಸಿದ್ದಾರೆ. ಆ ಪುಟಗಳಿದ್ದ ಮಾತ್ರಕ್ಕೆ ಹುಡುಗನಿಗೆ ಹೆಚ್ಚು ಅಂಕ ಬರುವುದಿಲ್ಲ. ಹೋಮ್‌ಗೂ ಪ್ರೊಗೂ ಇರುವ ಸಂಬಂಧ ಇಂಥದ್ದು. "ಪ್ರೊ ಹಾಕಿದರೆ ಫಾಸ್ಟ್" ಎಂಬ ಮಾತು ತಪ್ಪು. ಎರಡರ ಒಳಗಿನ ಎಂಜಿನ್ ಒಂದೇ. ವೇಗ ಬರುವುದು ಪ್ರೊಸೆಸರ್, ರ‍್ಯಾಮ್ ಮತ್ತು ಎಸ್‌ಎಸ್‌ಡಿಯಿಂದ.

2. ಪ್ರೊದಲ್ಲಿ ಹೆಚ್ಚಾಗಿ ಏನಿದೆ?

ಮುಖ್ಯವಾದವು ಇಷ್ಟು:

ಬಿಟ್‌ಲಾಕರ್: ಡಿಸ್ಕಿನಲ್ಲಿರುವುದನ್ನೆಲ್ಲ ಗುಪ್ತಲಿಪಿಗೆ ತಿರುಗಿಸಿ ಬೀಗ ಹಾಕುವ ಸೌಲಭ್ಯ. ಪೆನ್‌ಡ್ರೈವ್‌ಗೂ ಬೇಕಾದಂತೆ ಬೀಗ ಹಾಕಬಹುದು. ಹೋಮ್‌ನಲ್ಲಿ ಇದರ ಸರಳ ರೂಪವಾದ ಡಿವೈಸ್ ಎನ್‌ಕ್ರಿಪ್ಷನ್ ಮಾತ್ರ ಇದೆ.

ರಿಮೋಟ್ ಡೆಸ್ಕ್‌ಟಾಪ್: ದೂರದಿಂದ ನಿಮ್ಮ ಲ್ಯಾಪ್‌ಟಾಪಿನೊಳಗೆ ಬಂದು ಕೆಲಸ ಮಾಡಬೇಕಾದರೆ ಆ ಲ್ಯಾಪ್‌ಟಾಪಿನಲ್ಲಿ ಪ್ರೊ ಇರಬೇಕು. ಹೋಮ್‌ನಿಂದ ಬೇರೆ ಕಂಪ್ಯೂಟರಿಗೆ ಹೋಗಲು ಅಡ್ಡಿಯಿಲ್ಲ.

ಹೈಪರ್-ವಿ ಮತ್ತು ಸ್ಯಾಂಡ್‌ಬಾಕ್ಸ್: ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ.

ಗ್ರೂಪ್ ಪಾಲಿಸಿ ಮತ್ತು ಡೊಮೈನ್: ಒಂದು ಕಚೇರಿಯ ಹತ್ತಾರು ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನಿಯಂತ್ರಿಸುವುದಕ್ಕೆ.

ಇನ್ನೊಂದು ವ್ಯತ್ಯಾಸ ಮೆಮೊರಿಯ ಮಿತಿ. ಹೋಮ್ 128 ಜಿಬಿ ರ‍್ಯಾಮ್‌ವರೆಗೆ, ಪ್ರೊ 2 ಟಿಬಿವರೆಗೆ ನಡೆಸುತ್ತದೆ. ನಮ್ಮ ಮಕ್ಕಳು ಕೊಳ್ಳುವುದು 8 ಅಥವಾ 16 ಜಿಬಿ. ಈ ಮಿತಿ ನಮಗೆ ತಟ್ಟುವುದೇ ಇಲ್ಲ.

3. ನನ್ನ ಕೋರ್ಸಿಗೆ ಹೋಮ್ ಸಾಕೇ?

ಬಿ.ಎ., ಬಿ.ಎಸ್ಸಿ., ಬಿ.ಎಡ್., ನರ್ಸಿಂಗ್ ಮಕ್ಕಳಿಗೆ ನೋಟ್ಸ್, ಆನ್‌ಲೈನ್ ತರಗತಿ, ಸೆಮಿನಾರ್ ಸ್ಲೈಡ್‌ಗಳೇ ಮುಖ್ಯ. ಹೋಮ್ ಧಾರಾಳ ಸಾಕು.

ಬಿ.ಕಾಂ. ಮಕ್ಕಳಿಗೆ ಎಕ್ಸೆಲ್, ಟ್ಯಾಲಿ ಬೇಕು. ಎರಡೂ ಹೋಮ್‌ನಲ್ಲಿ ನಡೆಯುತ್ತವೆ.

ಸಿವಿಲ್, ಮೆಕ್ಯಾನಿಕಲ್ ಮಕ್ಕಳ ಆಟೋಕ್ಯಾಡ್ ಸಹ ಹೋಮ್‌ನಲ್ಲಿ ನಡೆಯುತ್ತದೆ. ಅದಕ್ಕೆ ಬೇಕಾದ್ದು ಹೆಚ್ಚು ರ‍್ಯಾಮ್ ಮತ್ತು ಒಳ್ಳೆಯ ಗ್ರಾಫಿಕ್ಸ್. ಅದನ್ನು ತಯಾರಿಸುವ ಆಟೋಡೆಸ್ಕ್ ಕಂಪನಿಯು ಅರ್ಹ ವಿದ್ಯಾರ್ಥಿಗಳಿಗೆ ಕಲಿಕೆಗಾಗಿ ಉಚಿತ ಪರವಾನಗಿ ಕೊಡುತ್ತದೆ. ಕದ್ದ ಪ್ರತಿಯನ್ನು ಹುಡುಕಬೇಕಾಗಿಲ್ಲ.

ಬಿ.ಸಿ.ಎ., ಕಂಪ್ಯೂಟರ್ ಸೈನ್ಸ್ ಮಕ್ಕಳಿಗೆ ಅಂಗಡಿಯವರು "ನಿಮಗೆ ಪ್ರೊ ಬೇಕೇ ಬೇಕು" ಎನ್ನುತ್ತಾರೆ. ಪೈಥಾನ್, ಜಾವಾ, ಸಿ ಭಾಷೆಗಳ ಉಪಕರಣಗಳು ಹೋಮ್‌ನಲ್ಲಿ ನಡೆಯುತ್ತವೆ. ವಿಂಡೋಸಿನೊಳಗೇ ಲಿನಕ್ಸ್ ನಡೆಸುವ ಡಬ್ಲ್ಯು.ಎಸ್.ಎಲ್. ಹೋಮ್‌ನಲ್ಲೂ ಸಿಗುತ್ತದೆ. ಹೈಪರ್-ವಿ ಇಲ್ಲದಿದ್ದರೆ ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಇದೆ. ಸರ್ವರ್ ಆಡಳಿತವನ್ನೇ ವಿಷಯವಾಗಿ ಕಲಿಯುವವರಿಗೆ, ಹೈಪರ್-ವಿ ಕಡ್ಡಾಯವೆಂದು ಕಾಲೇಜು ಹೇಳಿದವರಿಗೆ ಮಾತ್ರ ಪ್ರೊ ಬೇಕಾಗಬಹುದು. ಅಂಥವರೂ ಮೊದಲು ವಿಭಾಗದ ಅಧ್ಯಾಪಕರನ್ನು ಕೇಳಿ. ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಇರುವ ಕೆಲವು ಕಾಲೇಜುಗಳ ಮೂಲಕ ವಿದ್ಯಾರ್ಥಿಗಳಿಗೆ ಎಜುಕೇಷನ್ ಎಡಿಷನ್ ಸಿಗುವುದುಂಟು.

ಎಲ್ಲಕ್ಕಿಂತ ಮುಖ್ಯವಾದ ಮಾತು: ಹೋಮ್ ಕೊಂಡವರು ಮುಂದೆ ಬೇಕೆನಿಸಿದರೆ ಹಣ ಕೊಟ್ಟು ಮೈಕ್ರೋಸಾಫ್ಟ್ ಸ್ಟೋರ್ ಮೂಲಕವೇ ಪ್ರೊಗೆ ಏರಬಹುದು. ನಿಮ್ಮ ಕಡತಗಳು ಹಾಗೆಯೇ ಉಳಿಯುತ್ತವೆ. ರ‍್ಯಾಮ್ ಬೋರ್ಡಿಗೆ ಬೆಸೆದಿದ್ದರೆ ಅದನ್ನು ಮುಂದೆ ಹೆಚ್ಚಿಸಲಾಗದು. ಆದ್ದರಿಂದ ಕೈಯಲ್ಲಿರುವ ಹೆಚ್ಚುವರಿ ಹಣ ಮೊದಲು ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ ಹೋಗಲಿ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳಿರುವ ಕನಿಷ್ಠ ಅಗತ್ಯ 4 ಜಿಬಿ ರ‍್ಯಾಮ್, 64 ಜಿಬಿ ಸ್ಥಳ. ಅದು 35 ಅಂಕ ತೆಗೆದು ಪಾಸಾದ ಹಾಗೆ. 8 ಜಿಬಿಗಿಂತ ಕಡಿಮೆ ಕೊಳ್ಳಬೇಡಿ. ಇಂಜಿನಿಯರಿಂಗ್ ಮಕ್ಕಳು 16 ಜಿಬಿಗೆ ಪ್ರಯತ್ನಿಸಿ.

4. ಹೆಸರಿನ ಬಾಲ ಓದಿ

ಪೆಟ್ಟಿಗೆಯ ಮೇಲೆ "ಹೋಮ್ ಸಿಂಗಲ್ ಲ್ಯಾಂಗ್ವೇಜ್" ಎಂದಿದ್ದರೆ ಗಾಬರಿ ಬೇಡ. ಮೆನು, ಸೂಚನೆಗಳು ಕಾಣುವ ಭಾಷೆ ಒಂದೇ ಇರುತ್ತದೆ, ಅದನ್ನು ಬದಲಿಸಲಾಗದು ಎಂದಷ್ಟೇ ಅದರ ಅರ್ಥ. ಕನ್ನಡ, ಉರ್ದು, ಅರಬಿ ಟೈಪ್ ಮಾಡಲು ಅಡ್ಡಿಯಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್ ತೆರೆದು ಭಾಷೆಯನ್ನು ಸೇರಿಸಿಕೊಂಡರೆ ಕೀಬೋರ್ಡ್ ಬರುತ್ತದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೊನೆಟಿಕ್ ಕೀಬೋರ್ಡ್ 2019ರಿಂದ ವಿಂಡೋಸಿನಲ್ಲೇ ಇದೆ.

"ಎಸ್ ಮೋಡ್" ಎಂದಿದ್ದರೆ ಮಾತ್ರ ಗಮನಿಸಿ. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರಿನ ಆ್ಯಪ್‌ಗಳನ್ನು ಬಿಟ್ಟು ಬೇರೆ ತಂತ್ರಾಂಶ ಹಾಕಲಾಗದು. ಅದರಿಂದ ಹೊರಬರುವುದು ಉಚಿತ, ಆದರೆ ಹೊರಬಂದ ಮೇಲೆ ಮತ್ತೆ ಒಳಗೆ ಹೋಗಲಾಗದು. "ಎಸ್ ಮೋಡ್ ತೆಗೆಯಲು ಐನೂರು ಕೊಡಿ" ಎಂದು ಯಾರಾದರೂ ಕೇಳಿದರೆ ಕೊಡಬೇಡಿ.

5. ಖಾತೆ ಯಾರ ಹೆಸರಿನಲ್ಲಿದೆ?

ಹೋಮ್ ಎಡಿಷನ್ ಮೊದಲ ಸಲ ಶುರುವಾಗುವಾಗ ಇಂಟರ್ನೆಟ್ ಮತ್ತು ಒಂದು ಮೈಕ್ರೋಸಾಫ್ಟ್ ಖಾತೆಯನ್ನು ಕೇಳುತ್ತದೆ. ನಮ್ಮ ಒಬ್ಬ ಬಿ.ಸಿ.ಎ. ವಿದ್ಯಾರ್ಥಿನಿಗೆ ಅಂಗಡಿಯ ಹುಡುಗ "ನಾನೇ ಎಲ್ಲ ಮಾಡಿ ಕೊಡ್ತೇನೆ" ಎಂದು ತನ್ನದೇ ಇಮೇಲ್ ಹಾಕಿ ಕೊಟ್ಟಿದ್ದ. ಒಂದೂವರೆ ವರ್ಷ ಏನೂ ಆಗಲಿಲ್ಲ. ಕೊನೆಯ ಸೆಮಿಸ್ಟರಿನಲ್ಲಿ ಲ್ಯಾಪ್‌ಟಾಪ್ ಕೆಟ್ಟು ಬೋರ್ಡ್ ಬದಲಿಸಿದಾಗ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳಿತು. ಹೋಮ್‌ನಲ್ಲೂ ಡಿವೈಸ್ ಎನ್‌ಕ್ರಿಪ್ಷನ್ ಚಾಲ್ತಿಯಲ್ಲಿ ಇರಬಹುದು. ಆಗ ಅದರ ಕೀಲಿ ಯಾವ ಖಾತೆಯಿಂದ ಶುರು ಮಾಡಿದೆವೋ ಆ ಖಾತೆಗೆ ಹೋಗಿ ಕೂರುತ್ತದೆ. ಅಂಗಡಿಯ ಹುಡುಗ ಕೆಲಸ ಬಿಟ್ಟು ಹೋಗಿದ್ದ, ಇಮೇಲ್ ಯಾವುದೆಂದು ಯಾರಿಗೂ ಗೊತ್ತಿಲ್ಲ. ಪ್ರಾಜೆಕ್ಟ್ ವರದಿ, ಮೂರು ವರ್ಷದ ನೋಟ್ಸ್, ತೀರಿಹೋದ ಅಜ್ಜಿಯ ಫೋಟೋಗಳು, ಎಲ್ಲವನ್ನೂ ಅಳಿಸಿ ಹೊಸದಾಗಿ ಶುರು ಮಾಡಬೇಕಾಯಿತು.

ಆದ್ದರಿಂದ ಲ್ಯಾಪ್‌ಟಾಪನ್ನು ಮನೆಗೆ ತಂದು, ಫೋನಿನ ಹಾಟ್‌ಸ್ಪಾಟ್ ಹಾಕಿ, ನಿಮ್ಮ ಸ್ವಂತ ಇಮೇಲ್‌ನಿಂದ ನೀವೇ ಶುರು ಮಾಡಿ. ಆಮೇಲೆ ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಡಿವೈಸಸ್ ವಿಭಾಗಕ್ಕೆ ಹೋಗಿ ರಿಕವರಿ ಕೀ ಇದೆಯೇ ನೋಡಿ. ಇದ್ದರೆ ಕಾಗದದಲ್ಲಿ ಬರೆದು ಮಾರ್ಕ್ಸ್‌ಕಾರ್ಡ್ ಇಡುವ ಫೈಲಿನಲ್ಲಿಡಿ. ಖಾತೆಗೆ ಕೊಟ್ಟ ಫೋನ್ ನಂಬರ್ ಬದಲಾದರೆ ಅಲ್ಲಿಯೂ ಬದಲಿಸಿ. ಮುಖ್ಯವಾದ ಕಡತಗಳ ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲೋ ಆನ್‌ಲೈನ್‌ನಲ್ಲೋ ಇರಲಿ.

6. ಅಸಲಿ ಪರವಾನಗಿ

ಲ್ಯಾಪ್‌ಟಾಪಿನ ಜೊತೆಗೇ ಬಂದ ವಿಂಡೋಸಿನ ಪರವಾನಗಿ ಆ ಯಂತ್ರದ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಎಷ್ಟು ಸಲ ಫಾರ್ಮ್ಯಾಟ್ ಮಾಡಿ ಅದೇ ಎಡಿಷನ್ ಹಾಕಿದರೂ ಇಂಟರ್ನೆಟ್ ಸಿಕ್ಕಾಗ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಇದು ಗೊತ್ತಿಲ್ಲದೆ ಆಗುವ ಒಂದು ನಷ್ಟವಿದೆ. ಹೋಮ್ ಪರವಾನಗಿ ಇರುವ ಲ್ಯಾಪ್‌ಟಾಪನ್ನು ರಿಪೇರಿಗೆ ಕೊಟ್ಟಾಗ, "ಪ್ರೊ ಹಾಕಿಕೊಟ್ಟಿದ್ದೇನೆ, ಫ್ರೀ" ಎಂದು ಕದ್ದ ಪ್ರತಿ ಹಾಕಿ ಕೊಡುವವರಿದ್ದಾರೆ. ನಮ್ಮ ಅಸಲಿ ಹೋಗಿ ನಕಲಿ ಬಂತು, ಅದಕ್ಕೆ ನಾವೇ ಶುಕ್ರಿಯಾ ಹೇಳಿ ಬರುತ್ತೇವೆ.

ಇಂಥ ನಕಲಿಯನ್ನು ಆ್ಯಕ್ಟಿವೇಟ್ ಮಾಡುವ ತಂತ್ರಾಂಶಗಳು ಸಾಮಾನ್ಯವಾಗಿ ಮೊದಲು ಡಿಫೆಂಡರ್ ಎಂಬ ರಕ್ಷಣೆಯನ್ನು ಆರಿಸಲು ಹೇಳುತ್ತವೆ. ಮನೆಯ ನಾಯಿಯನ್ನು ಕಟ್ಟಿಹಾಕಿ ಎಂದು ಕೇಳಿಕೊಂಡು ಒಳಬರುವ ಅತಿಥಿಯನ್ನು ಯಾರಾದರೂ ನಂಬುತ್ತಾರೆಯೇ? ಅದೇ ಲ್ಯಾಪ್‌ಟಾಪಿನಲ್ಲಿ ನೀವು ವಿದ್ಯಾರ್ಥಿವೇತನದ ಅರ್ಜಿಗೆ ಆಧಾರ್ ಹಾಕುತ್ತೀರಿ, ತಂದೆಯ ಬ್ಯಾಂಕ್ ಖಾತೆ ತೆರೆಯುತ್ತೀರಿ. ಕೆಲವು ನೂರು ರೂಪಾಯಿಗೆ ಆನ್‌ಲೈನ್‌ನಲ್ಲಿ ಮಾರುವ ಪ್ರೊ ಕೀಗಳನ್ನೂ ನಂಬಬೇಡಿ. ಬೇರೆ ಸಂಸ್ಥೆಗೆ ಕೊಟ್ಟ ಕೀಯನ್ನು ಮಾರುವುದುಂಟು, ಅದು ಯಾವತ್ತಾದರೂ ರದ್ದಾಗಬಹುದು.

ಇದರಲ್ಲಿ ದೀನಿನ ಮಾತೂ ಇದೆ. ಝಕಾತ್, ಸದಕಾ ಕೊಟ್ಟವರ ಹಣ ನಮ್ಮ ಕೈಯಲ್ಲಿರುವ ಅಮಾನತ್. ಅಳತೆ ತೂಕದಲ್ಲಿ ಪ್ರಾಮಾಣಿಕತೆಯನ್ನು ಅಷ್ಟು ಒತ್ತಿ ಹೇಳುವ ಧರ್ಮದವರು ನಾವು. ಆ ಹಣದಲ್ಲಿ ಕೊಂಡ ಯಂತ್ರದಲ್ಲಿ ಕದ್ದದ್ದನ್ನು ಇಟ್ಟು ಬಿಸ್ಮಿಲ್ಲಾ ಹೇಳಿ ಓದಲು ಕೂರುವುದು ಸರಿಯಲ್ಲ. ಹೋಮ್ ಸಾಕಾಗುವ ಜಾಗದಲ್ಲಿ ಪ್ರೊಗೆ ಹಣ ಸುರಿಯುವುದೂ ಅದೇ ಅಮಾನತ್ತಿನಲ್ಲಿ ಆಗುವ ಲೋಪ. ಅಲ್ಲಿ ಲೋಪ ಮಾಡಿದವನು ನಾನೇ.

7. ವಿಂಡೋಸ್ ಇಲ್ಲದ್ದು, ಹಳೆಯದು

"ಡಾಸ್ ಲ್ಯಾಪ್‌ಟಾಪ್" ಎಂದು ವಿಂಡೋಸ್ ಇಲ್ಲದೆ ಅಗ್ಗಕ್ಕೆ ಮಾರುತ್ತಾರೆ. ಆಮೇಲೆ ಬಿಡಿಯಾಗಿ ಅಸಲಿ ವಿಂಡೋಸ್ ಕೊಂಡರೆ ಉಳಿತಾಯವೆಲ್ಲ ಅದಕ್ಕೇ ಹೋಗಬಹುದು. ಅಂಥದ್ದನ್ನು ಕೊಂಡವರಿಗೆ ನ್ಯಾಯವಾದ ಉಚಿತ ದಾರಿಯೂ ಇದೆ: ಉಬುಂಟುವಿನಂಥ ಲಿನಕ್ಸ್. 2024ರ ಏಪ್ರಿಲ್‌ನ ಉಬುಂಟು 24.04ಕ್ಕೆ ಐದು ವರ್ಷ ಉಚಿತ ಅಪ್‌ಡೇಟ್ ಉಂಟು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಲಿನಕ್ಸ್‌ನಲ್ಲೇ ಕಲಿಯುತ್ತಾರೆ. ಬರವಣಿಗೆ, ಲೆಕ್ಕಪಟ್ಟಿಗೆ ಲಿಬ್ರೆ ಆಫೀಸ್ ಉಚಿತ. ಆದರೆ ಟ್ಯಾಲಿ, ಆಟೋಕ್ಯಾಡ್ ಬೇಕಾದವರಿಗೆ, ಆನ್‌ಲೈನ್ ಪರೀಕ್ಷೆಗೆ ವಿಂಡೋಸ್ ಕಡ್ಡಾಯವೆಂದು ಕಾಲೇಜು ಹೇಳಿದವರಿಗೆ ಇದು ಹೊಂದದು.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಎರಡು ವಿಷಯ ನೋಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದ್ದರಿಂದ ಯಂತ್ರ ವಿಂಡೋಸ್ 11ಕ್ಕೆ ಅರ್ಹವೇ ಎಂದು ಕೇಳಿ. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ನಂತರದ್ದಿರಬೇಕು, ಟಿಪಿಎಂ 2.0 ಇರಬೇಕು. ಮೈಕ್ರೋಸಾಫ್ಟ್‌ನ ಪಿ.ಸಿ. ಹೆಲ್ತ್ ಚೆಕ್ ಎಂಬ ಉಚಿತ ಆ್ಯಪ್ ಇದನ್ನು ಹೇಳುತ್ತದೆ. ಕಂಪನಿಗಳಿಂದ ಬಂದ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊ ಮೊದಲೇ ಇರುವುದುಂಟು. ಅದು ಅಸಲಿಯಾದರೆ ಸಂತೋಷ, ಹೆಚ್ಚು ಹಣ ಬೇಡ. ಆದರೆ ಅಂಗಡಿಯಲ್ಲೇ ರಿಸೆಟ್ ಮಾಡಿಸಿ ನೋಡಿ. ಹಳೆಯ ಕಂಪನಿಯ ಲಾಗಿನ್ ಕೇಳಿದರೆ ಅದು ಇನ್ನೂ ಅವರ ನಿಯಂತ್ರಣದಲ್ಲಿದೆ ಎಂದರ್ಥ. ಕೊಳ್ಳಬೇಡಿ.

8. ಹಾಗಾದರೆ ಪ್ರೊ ಯಾರಿಗೆ?

ಪ್ರೊ ದಂಡ ಎಂದು ನಾನು ಹೇಳುತ್ತಿಲ್ಲ. ಕಚೇರಿಗೆ ಅದು ಬೇಕು. ನಮ್ಮ ಟ್ರಸ್ಟಿನ ಕಂಪ್ಯೂಟರಿನಲ್ಲಿ ಅರ್ಜಿದಾರರ ಆಧಾರ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ವಿವರ, ವಿಧವೆಯರ ಮನೆಯ ಸಂಗತಿಗಳೆಲ್ಲ ಇವೆ. ಅದು ಕಳುವಾದರೆ ನೂರು ಮನೆಗಳ ಮರ್ಯಾದೆ ಬೀದಿಗೆ ಬರುತ್ತದೆ. ಅಲ್ಲಿ ಬಿಟ್‌ಲಾಕರ್ ಹಾಕಿ, ಪೆನ್‌ಡ್ರೈವ್‌ಗೂ ಬೀಗ ಹಾಕಿ ಇಡುವುದು ನಮ್ಮ ಹೊಣೆ. ಅಲ್ಲಿ ಪ್ರೊಗೆ ಕೊಟ್ಟ ಹಣ ಸಾರ್ಥಕ.

9. ಅಂಗಡಿಗೆ ಹೋಗುವಾಗ ಈ ಪುಟ ಜೊತೆಗಿರಲಿ

ಕೊಳ್ಳುವ ಮುನ್ನ ಕೇಳಿ: ವಿಂಡೋಸ್ ಇದೆಯೇ, ಯಾವ ಎಡಿಷನ್? ರ‍್ಯಾಮ್ ಎಷ್ಟು, ಮುಂದೆ ಹೆಚ್ಚಿಸಬಹುದೇ? ಎಸ್‌ಎಸ್‌ಡಿ ಎಷ್ಟು? ಆಫೀಸ್ ತಂತ್ರಾಂಶ ಶಾಶ್ವತವೋ, ಒಂದು ವರ್ಷದ ಚಂದಾವೋ? ಎಡಿಷನ್ನಿನ ಹೆಸರನ್ನು ಬಿಲ್ಲಿನಲ್ಲಿ ಬರೆಸಿ.

ಮನೆಗೆ ತಂದ ದಿನ ನೋಡಿ: ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂಬಲ್ಲಿ ಎಡಿಷನ್ ಮತ್ತು ರ‍್ಯಾಮ್ ಬಿಲ್ಲಿಗೆ ಹೊಂದುತ್ತವೆಯೇ? ಅದೇ ಸಿಸ್ಟಮ್‌ನ ಆ್ಯಕ್ಟಿವೇಷನ್ ಎಂಬಲ್ಲಿ "ಆ್ಯಕ್ಟಿವ್" ಎಂದಿದೆಯೇ? ಖಾತೆ ನಿಮ್ಮದೇ ಇಮೇಲಿನದೇ? ರಿಪೇರಿಯಿಂದ ಬಂದಾಗಲೂ ಈ ಮೂರನ್ನು ಮತ್ತೆ ನೋಡಿ.

ಲ್ಯಾಪ್‌ಟಾಪ್ ನೆರವಿಗೆ ಅರ್ಜಿ ಹಾಕುವ ಮಕ್ಕಳಿಗೆ ನನ್ನದೊಂದು ವಿನಂತಿ. ಅಂಗಡಿಯ ಕೊಟೇಷನ್ ತರುವಾಗ ಎಡಿಷನ್ ಮತ್ತು ರ‍್ಯಾಮ್ ಎರಡನ್ನೂ ಅದರಲ್ಲಿ ಬರೆಸಿಕೊಂಡು ಬನ್ನಿ. ಸಂಶಯವಿದ್ದರೆ ಹಣ ಕೊಡುವ ಮುನ್ನ ಕೇಳಿ. ನನಗೆ ಗೊತ್ತಿದ್ದರೆ ಹೇಳುತ್ತೇನೆ. ಗೊತ್ತಿಲ್ಲದಿದ್ದರೆ ಈ ಸಲ ಗೊತ್ತಿಲ್ಲ ಎಂದೇ ಹೇಳಿ, ಬಲ್ಲವರನ್ನು ಕೇಳಿ ತಿಳಿಸುತ್ತೇನೆ.

ಅಲ್ಲಾಹನು ನಿಮ್ಮ ಕಲಿಕೆಯಲ್ಲಿ ಬರಕತ್ ನೀಡಲಿ, ನೆರವಾದ ದಾನಿಗಳಿಗೆ ಉತ್ತಮ ಪ್ರತಿಫಲ ಕೊಡಲಿ. ಆಮೀನ್.

— ನಿವೃತ್ತ ಪ್ರೌಢಶಾಲಾ ಶಿಕ್ಷಕ, ಬಿ.ಎಡ್.